ಖಾಲಿ ಸೈಟುಗಳ ಊರು: ಬೆಂಗಳೂರಿನ ಅಂಚಿನಲ್ಲಿ ನೆಲ, ನೀರು ಮತ್ತು ಖಾತಾ

ಬೆಂಗಳೂರಿನ ಹೊರವಲಯದಲ್ಲಿ ಸೈಟು ಇಟ್ಟುಕೊಂಡವರಿಗೆ ಇತ್ತೀಚಿನ ಸುದ್ದಿಗಳು ಒಂದಕ್ಕೊಂದು ತಾಳೆಯೇ ಆಗುತ್ತಿಲ್ಲ. 2024ರ ಕೊನೆಯಲ್ಲಿ ನೋಂದಣಿಗೆ ಇ-ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ಪ್ರತಿ, ಕಡ್ಡಾಯವಾಯಿತು. 2025ರ ಮೇ 15ಕ್ಕೆ ಇಡೀ ನಗರದ ಆಡಳಿತಕ್ಕೆಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನವೆಂಬರ್ 1ರಿಂದ ಬಿ ಖಾತಾ (ಸಕ್ರಮವಲ್ಲದ) ಸೈಟನ್ನು ಎ ಖಾತಾ (ಸಕ್ರಮ) ಮಾಡಿಸಿಕೊಳ್ಳುವ ಯೋಜನೆ ಶುರುವಾಯಿತು. ಅದೇ ವರ್ಷ ಬಿಡದಿಯ ಪಕ್ಕದ ಒಂಬತ್ತು ಹಳ್ಳಿಗಳಲ್ಲಿ ಏಳು ಸಾವಿರ ಎಕರೆಗೂ ಜಾಸ್ತಿ ಜಾಗದಲ್ಲಿ ಹೊಸ ಟೌನ್‌ಶಿಪ್ ಮಾಡಲು ಅಧಿಸೂಚನೆ ಹೊರಬಿತ್ತು. ಇತ್ತ ನಗರದೊಳಗೆ ಹೆಚ್ಚುವರಿ ಶುಲ್ಕ ಕಟ್ಟಿದರೆ ಇನ್ನಷ್ಟು ಮಹಡಿ ಕಟ್ಟಬಹುದು ಎನ್ನುವ ಪ್ರೀಮಿಯಂ ಎಫ್‌ಎಆರ್ ನಿಯಮವೂ ಜಾರಿಗೆ ಬಂತು.

ಹಾಗಾದರೆ ಊರು ಮೇಲಕ್ಕೆ ಬೆಳೆಯಬೇಕೋ, ಅಗಲಕ್ಕೆ ಹರಡಬೇಕೋ? ಸರ್ಕಾರ ಎರಡಕ್ಕೂ ಹೂಂ ಅನ್ನುತ್ತಿದೆ. ಇದರಿಂದ ನೆಲಕ್ಕೂ ನೀರಿಗೂ ಏನಾಗುತ್ತದೆ ಎಂದು ನೋಡಬೇಕಾದರೆ ಅಂಚಿನ ಲೇಔಟುಗಳ ಕಥೆಯಿಂದಲೇ ಶುರು ಮಾಡಬೇಕು.

ಬಿ ಖಾತಾ ಎಲ್ಲಿಂದ ಬಂತು

2007ರವರೆಗೆ ಬೆಂಗಳೂರು ಮಹಾನಗರ ಪಾಲಿಕೆಯ ವಿಸ್ತೀರ್ಣ ಸುಮಾರು 226 ಚದರ ಕಿ.ಮೀ. ಆ ವರ್ಷ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಲಾಯಿತು. ವಿಸ್ತೀರ್ಣ ಒಮ್ಮೆಗೇ 700 ಚದರ ಕಿ.ಮೀ ದಾಟಿತು. ಹೊಸದಾಗಿ ಸೇರಿದ ಜಾಗದಲ್ಲಿ ಅಷ್ಟರೊಳಗೇ ಸಾವಿರಾರು ರೆವಿನ್ಯೂ ಲೇಔಟುಗಳು ಎದ್ದಿದ್ದವು. ಅಂದರೆ, ರೈತರ ಹೊಲವನ್ನು ಡಿಸಿ ಕನ್ವರ್ಷನ್ (ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ) ಮಾಡಿಸದೆ, ಅಥವಾ ಕನ್ವರ್ಷನ್ ಆದ ಮೇಲೂ ನಕ್ಷೆಗೆ ಮಂಜೂರಾತಿ ಪಡೆಯದೆ, ಸುಣ್ಣದ ಗೆರೆ ಎಳೆದು ಸೈಟು ಮಾಡಿ ಮಾರಿದ ಜಾಗಗಳು. ಪಾರ್ಕು ಇಲ್ಲ, ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯಕ್ಕೆ ಬಿಡುವ ಸಿಎ ಸೈಟು ಇಲ್ಲ. ರಸ್ತೆ ಹದಿನೈದು, ಇಪ್ಪತ್ತು ಅಡಿ.

ಇವುಗಳಿಂದ ತೆರಿಗೆ ಬೇಕು, ಆದರೆ ಸಕ್ರಮ ಎಂದು ಒಪ್ಪುವಂತಿಲ್ಲ. ಅದಕ್ಕೇ ಬೇರೆ ರಿಜಿಸ್ಟರ್ ಇಟ್ಟರು. ಅದೇ ಬಿ ಖಾತಾ. ತೆರಿಗೆ ಕಟ್ಟಬಹುದು, ನಕ್ಷೆ ಮಂಜೂರಾಗದು, ಬಹಳಷ್ಟು ಬ್ಯಾಂಕುಗಳು ಸಾಲ ಕೊಡವು. ಇದನ್ನು ಸರಿಪಡಿಸಲು ತಂದ ಅಕ್ರಮ-ಸಕ್ರಮ ಯೋಜನೆಯನ್ನು 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರ ಯೋಜನೆ ಬೇರೆ ದಾರಿಯಲ್ಲಿ ಬಂದಿದೆ. ಯೋಜನೆ ಶುರುವಾದಾಗ ಸರ್ಕಾರ ಹೇಳಿದಂತೆ 2,000 ಚದರ ಮೀಟರ್‌ವರೆಗಿನ ಸೈಟಿಗೆ ಮಾರ್ಗಸೂಚಿ ಬೆಲೆಯ ಶೇಕಡಾ 5ರಷ್ಟು ಕಟ್ಟಿದರೆ ಎ ಖಾತಾ.

ಇದೆಲ್ಲ ಕಾಗದದ ವಿಷಯ. ನೆಲದ ವಿಷಯ ಬೇರೆಯೇ ಇದೆ.

ಒಂದು ಎಕರೆಯಲ್ಲಿ ಎಷ್ಟು ಜನ

ಸ್ವಲ್ಪ ಲೆಕ್ಕ ಹಾಕೋಣ. ಒಂದು ಎಕರೆ ಅಂದರೆ 43,560 ಚದರ ಅಡಿ. ನಿಯಮದ ಪ್ರಕಾರ ಲೇಔಟು ಮಾಡಿದರೆ ರಸ್ತೆ, ಪಾರ್ಕು, ಸಿಎ ಜಾಗ ಬಿಟ್ಟು ಅರ್ಧಕ್ಕಿಂತ ತುಸು ಜಾಸ್ತಿ ಮಾತ್ರ ಸೈಟಾಗುತ್ತದೆ. ಶೇಕಡಾ 55 ಎಂದು ಇಟ್ಟುಕೊಂಡರೆ ಎಕರೆಗೆ 30×40ರ ಇಪ್ಪತ್ತು ಸೈಟು. ಪ್ರತಿ ಸೈಟಿನಲ್ಲಿ ಒಂದೇ ಮನೆ, ಮನೆಗೆ ನಾಲ್ಕು ಜನ ಎಂದರೆ 80 ಮಂದಿ. ಅದೇ ಸೈಟಿನಲ್ಲಿ ನೆಲಮಹಡಿ ಮೇಲೆ ಎರಡು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟರೆ 240 ಮಂದಿ. 40×60ರ ಸೈಟಿನಲ್ಲಿ ಒಂಟಿ ಮನೆಗಳಾದರೆ 40 ಮಂದಿ. ನಾಲ್ಕು ಸಾವಿರ ಚದರ ಅಡಿಯ ವಿಲ್ಲಾಗಳಾದರೆ ಎಕರೆಗೆ ಆರು ಮನೆ, 24 ಮಂದಿ.

ಅಂದರೆ ಬಾಡಿಗೆ ಮಹಡಿಗಳಿರುವ ಒಂದು ಎಕರೆ ಹಳೇ ಬಡಾವಣೆಯಲ್ಲಿ ಬದುಕುವಷ್ಟು ಜನಕ್ಕೆ ವಿಲ್ಲಾ ಲೇಔಟಿನಲ್ಲಿ ಹತ್ತು ಎಕರೆ ಬೇಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಜನ ದಟ್ಟವಾಗಿ ಬದುಕಬೇಕಾದರೆ ಇಪ್ಪತ್ತು ಮಹಡಿಯ ಕಟ್ಟಡ ಬೇಕೆಂದೇನಿಲ್ಲ. ಮೂರು ಮಹಡಿ ಸಾಕು. ಬೆಂಗಳೂರಿನ ಸಾಮಾನ್ಯ ಮಧ್ಯಮ ವರ್ಗದ ಕುಟುಂಬ ತನ್ನ 30×40ರಲ್ಲಿ ಬಾಡಿಗೆ ಮನೆ ಕಟ್ಟಿಕೊಂಡು, ಯಾವ ಯೋಜನೆಯ ಸಹಾಯವೂ ಇಲ್ಲದೆ, ಇದನ್ನು ಸಾಧಿಸಿದೆ. ಪಾರ್ಕಿಗೂ ಜಾಗ ಬಿಡದ ರೆವಿನ್ಯೂ ಲೇಔಟುಗಳು ಇನ್ನೂ ದಟ್ಟ. ನೆಲವನ್ನು ಜಾಸ್ತಿ ತಿನ್ನುತ್ತಿರುವುದು ಎರಡು. ಒಂದು, ಗೇಟು ಹಾಕಿದ ವಿಲ್ಲಾ ಲೇಔಟು. ಇನ್ನೊಂದು, ಮನೆಯೇ ಏಳದ ಖಾಲಿ ಸೈಟು. ಎರಡನೆಯದು ಹೆಚ್ಚು ದೊಡ್ಡ ಸಮಸ್ಯೆ, ಮತ್ತು ಅದರ ಬಗ್ಗೆ ಮಾತಾಡುವವರು ಕಡಿಮೆ.

ನಾಡಪ್ರಭು ಕೆಂಪೇಗೌಡ ಬಡಾವಣೆಯನ್ನೇ ನೋಡಿ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ, ಹನ್ನೆರಡು ಹಳ್ಳಿಗಳ ನಾಲ್ಕು ಸಾವಿರ ಎಕರೆಗೂ ಮಿಕ್ಕಿದ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) 2010ರಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿತು. 2016 ಮತ್ತು 2018ರಲ್ಲಿ ತಲಾ ಸುಮಾರು ಐದು ಸಾವಿರ ಸೈಟು ಹಂಚಿತು. ರಸ್ತೆ, ನೀರು, ಕರೆಂಟು ಹೇಳಿದ ಸಮಯಕ್ಕೆ ಬರಲಿಲ್ಲ ಎಂದು ಸೈಟು ಪಡೆದವರು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ರೇರಾದ ಮೊರೆ ಹೋದರು. ಇಷ್ಟು ವರ್ಷವಾದರೂ ಬಹುಪಾಲು ಸೈಟು ಖಾಲಿಯೇ ಇವೆ. ನೇರಳೆ ಮಾರ್ಗದ ಮೆಟ್ರೊ 2023ರಲ್ಲಿ ಪಕ್ಕದ ಚಲ್ಲಘಟ್ಟದವರೆಗೆ ಬಂದಾಗಿದೆ. ಹೊಲ ಹೋಗಿ ಹದಿನೈದು ವರ್ಷವಾಯಿತು, ಊರು ಇನ್ನೂ ಬಂದಿಲ್ಲ.

ಯಾಕೆ ಹೀಗಾಗುತ್ತದೆ? ಬೆಂಗಳೂರಿನಲ್ಲಿ ಸೈಟು ಮನೆ ಕಟ್ಟುವ ಜಾಗ ಮಾತ್ರ ಅಲ್ಲ. ಅದು ಮಗಳ ಮದುವೆಯ ಖರ್ಚು, ಮಗನ ಓದು, ನಿವೃತ್ತಿಯ ಆಸರೆ. ಖಾಲಿ ಇಟ್ಟರೂ ಬೆಲೆ ಏರುತ್ತದೆ. ಖಾಲಿ ಜಾಗದ ತೆರಿಗೆ ಆ ಏರಿಕೆಯ ಮುಂದೆ ಏನೇನೂ ಅಲ್ಲ. ಮನೆ ಕಟ್ಟಿದರೆ ಸಾಲ, ಓಡಾಟ, ಬಾಡಿಗೆದಾರರ ತಾಪತ್ರಯ. ಹಾಗಾಗಿ ಸುಮ್ನೆ ಇಟ್ಟುಕೊಳ್ಳುವುದೇ ಲಾಭ. ಒಬ್ಬೊಬ್ಬರ ಮಟ್ಟಿಗೆ ಇದು ಸರಿಯಾದ ಲೆಕ್ಕವೇ. ಲಕ್ಷಾಂತರ ಜನ ಹೀಗೇ ಲೆಕ್ಕ ಹಾಕಿದಾಗ ನಿಜವಾಗಿ ಮನೆ ಬೇಕಾದವರು ಇನ್ನೂ ಹತ್ತು ಕಿ.ಮೀ ಆಚೆ ಹೋಗುತ್ತಾರೆ, ಅಲ್ಲಿ ಹೊಸ ಹೊಲ ಲೇಔಟಾಗುತ್ತದೆ.

ರಸ್ತೆ, ಪೈಪು, ಬಸ್ಸು

30 ಅಡಿ ಮುಖದ ಇಪ್ಪತ್ತು ಸೈಟುಗಳು ಎದುರುಬದುರಾಗಿ ಇದ್ದರೆ ಅವುಗಳ ನಡುವಿನ ರಸ್ತೆ 300 ಅಡಿ. ಇಪ್ಪತ್ತೂ ಮನೆ ತುಂಬಿದರೂ ಅಷ್ಟೇ ರಸ್ತೆ, ನಾಲ್ಕೇ ಮನೆ ಎದ್ದರೂ ಅಷ್ಟೇ ರಸ್ತೆ. ನೀರಿನ ಪೈಪು, ಚರಂಡಿ, ಬೀದಿದೀಪ, ಕಸದ ಗಾಡಿ ಎಲ್ಲಕ್ಕೂ ಇದೇ ಮಾತು. ಖರ್ಚು ಪೂರ್ತಿ, ಹಂಚಿಕೊಳ್ಳುವವರು ಐದನೇ ಒಂದು ಪಾಲು.

ಒಳಚರಂಡಿಯಲ್ಲಿ ಇನ್ನೂ ಒಂದು ತೊಡಕಿದೆ. ಯುಜಿಡಿ ಪೈಪಿನಲ್ಲಿ ನೀರು ಒಂದು ವೇಗದಲ್ಲಿ ಹರಿದರೆ ಮಾತ್ರ ಹೊಲಸು ತಳದಲ್ಲಿ ಕೂರದೆ ಮುಂದಕ್ಕೆ ಹೋಗುತ್ತದೆ. ಇಪ್ಪತ್ತು ಮನೆಗೆಂದು ಹಾಕಿದ ಪೈಪಿಗೆ ನಾಲ್ಕು ಮನೆಯ ನೀರು ಬಂದರೆ ಆ ವೇಗ ಸಿಗುವುದಿಲ್ಲ. ಮಣ್ಣು, ಕಸ ಕೂತು ಕಟ್ಟಿಕೊಳ್ಳುತ್ತದೆ. ಪೈಪು ಹಾಕದ ಕಡೆ ಪ್ರತಿ ಮನೆಗೂ ಪಿಟ್ಟು. ತುಂಬಿದಾಗ ಹೀರುವ ಲಾರಿ ಬರುತ್ತದೆ. ಅದು ಆ ಹೊಲಸನ್ನು ಎಲ್ಲಿ ಸುರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ.

ಬಸ್ಸಿನ ಕಥೆಯೂ ಬೇರೆಯಲ್ಲ. ಜನ ಕಡಿಮೆ ಎಂದು ಬಿಎಂಟಿಸಿ ಗಂಟೆಗೊಂದು ಬಸ್ಸು ಬಿಡುತ್ತದೆ. ಗಂಟೆಗೊಂದು ಬಸ್ಸನ್ನು ನಂಬಿ ಕೆಲಸಕ್ಕೆ ಹೋಗುವುದು ಕಷ್ಟ. ಜನ ಸ್ಕೂಟರು ಕೊಳ್ಳುತ್ತಾರೆ, ಆಮೇಲೆ ಕಾರು. ಬಸ್ಸು ಹತ್ತುವವರು ಇನ್ನೂ ಕಡಿಮೆಯಾಗುತ್ತಾರೆ. ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿರುವುದಕ್ಕೆ ಜನರ ಶೋಕಿಯೊಂದೇ ಕಾರಣವಲ್ಲ. ಮನೆ ಎಲ್ಲಿ ಸಿಗುತ್ತದೆ ಎನ್ನುವುದೂ ಕಾರಣ.

ನೀರಿನ ಲೆಕ್ಕದಲ್ಲಿ ಎರಡು ಮುಖ

ಒಂಟಿ ಮನೆಯ ಪರವಾಗಿ ಒಂದು ಗಟ್ಟಿ ವಾದ ಇದೆ. ಅದನ್ನು ತಳ್ಳಿಹಾಕುವಂತಿಲ್ಲ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ ಸುತ್ತ ಮಳೆಯಾಗುತ್ತದೆ. ಸಾವಿರ ಚದರ ಅಡಿ ಚಾವಣಿಯ ಮೇಲೆ ಬೀಳುವುದು ಸುಮಾರು 90 ಸಾವಿರ ಲೀಟರ್. ಪೋಲಾಗುವುದನ್ನು ಕಳೆದರೂ ಮುಕ್ಕಾಲು ಲಕ್ಷ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ಬೇಕಾಗುವುದು ಎರಡು ಲಕ್ಷ ಲೀಟರಿನ ಹತ್ತಿರ. ಒಂದೇ ಕುಟುಂಬವಿದ್ದರೆ ಚಾವಣಿಯೇ ಮೂರನೇ ಒಂದು ಭಾಗಕ್ಕೂ ಮೀರಿ ಕೊಟ್ಟಿತು. ಮೂರು ಮಹಡಿಯಲ್ಲಿ ಮೂರು ಕುಟುಂಬಗಳಿದ್ದರೆ ಚಾವಣಿ ಅಷ್ಟೇ, ಬೇಕಾದದ್ದು ಆರು ಲಕ್ಷ. ಎರಡು ಸಾವಿರ ಚದರ ಅಡಿ ಚಾವಣಿಯ ವಿಲ್ಲಾ ತನ್ನ ಅಗತ್ಯದ ಮುಕ್ಕಾಲು ಭಾಗವನ್ನು ಮಳೆಯಿಂದಲೇ ಪಡೆಯಬಹುದು. ಸುತ್ತ ತೆರೆದ ಮಣ್ಣಿದೆ, ಇಂಗುಬಾವಿ ತೋಡಲು ಜಾಗ ಇದೆ, ಚಾವಣಿಯಲ್ಲಿ ಸೌರಫಲಕಕ್ಕೂ ಜಾಗ ಇದೆ. ಕಾವೇರಿಯನ್ನು ನೂರು ಕಿ.ಮೀ ದೂರದಿಂದ, ಅರ್ಧ ಕಿ.ಮೀ ಎತ್ತರಕ್ಕೆ ಪಂಪು ಮಾಡಿ ತರುವ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಆದರೆ ಈ ಲಾಭ ತಾನಾಗಿ ಬರುವುದಿಲ್ಲ. ಮಳೆಯ ಬಹುಪಾಲು ಸುರಿಯುವುದು ಮೇನಿಂದ ನವೆಂಬರಿನ ಒಳಗೆ. ಹತ್ತು ಸಾವಿರ ಲೀಟರಿನ ಸಂಪು ನಾಲ್ಕು ಮಳೆಗೆ ತುಂಬಿ ಹೋಗುತ್ತದೆ. ಉಳಿದದ್ದನ್ನು ನೆಲಕ್ಕೆ ಇಂಗಿಸಬೇಕು. 2009ರ ಕಾಯ್ದೆ ತಿದ್ದುಪಡಿಯಿಂದ ಮಳೆನೀರು ಕೊಯ್ಲು ಕಡ್ಡಾಯವಾಗಿದೆಯಾದರೂ ಪೈಪು ಹಾಕಿ ರಸ್ತೆ ಚರಂಡಿಗೆ ಬಿಟ್ಟ ಮನೆಗಳಿಗೇನೂ ಕಮ್ಮಿಯಿಲ್ಲ. ಇನ್ನು ಹುಲ್ಲುಹಾಸು. ಬೇಸಿಗೆಯಲ್ಲಿ ಅದಕ್ಕೆ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಸಾವಿರ ಚದರ ಅಡಿ ಹುಲ್ಲು ದಿನಕ್ಕೆ 400 ಲೀಟರ್ ಕುಡಿಯುತ್ತದೆ. ಅದು ಮೂವರಿಗೆ ಸಾಕಾಗುವ ನೀರು. ಹುಲ್ಲುಹಾಸು ಕಣ್ಣಿಗೆ ಹಸಿರು ನಿಜ, ಅದನ್ನು ಬದುಕಿಸುವುದು ಹೆಚ್ಚಾಗಿ ಕೊಳವೆಬಾವಿ ಅಥವಾ ಟ್ಯಾಂಕರು.

2024ರ ಮಾರ್ಚಿನಲ್ಲಿ ಇದರ ಪೆಟ್ಟು ಎಲ್ಲರಿಗೂ ಗೊತ್ತಾಯಿತು. ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತು. ಜಾಸ್ತಿ ತೊಂದರೆಯಾದದ್ದು ಕಾವೇರಿ ಪೈಪು ಮುಟ್ಟದ ಅಂಚಿನಲ್ಲಿ. ಆ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು ಅದೇ ಅಕ್ಟೋಬರಿನಲ್ಲಿ. ಹಳ್ಳಿಗಳು ನಗರಕ್ಕೆ ಸೇರಿ ಹದಿನೇಳು ವರ್ಷ ಆದ ಮೇಲೆ.

ತಪ್ಪನ್ನೆಲ್ಲ ಲೇಔಟಿನ ತಲೆಗೇ ಕಟ್ಟುವುದೂ ನ್ಯಾಯವಲ್ಲ. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಜಲಾಶಯಗಳಿಗೆ ಅರ್ಕಾವತಿಯ ನೀರು ಯಾಕೆ ಬರುತ್ತಿಲ್ಲ ಎಂದು ಪರಿಸರ ಅಧ್ಯಯನದ ಏಟ್ರೀ ಸಂಸ್ಥೆಯ ಸಂಶೋಧಕರು ಅಧ್ಯಯನ ಮಾಡಿದ್ದರು. ಮಳೆ ಕಡಿಮೆಯಾದದ್ದು ಮುಖ್ಯ ಕಾರಣವಲ್ಲ, ಕೊಳವೆಬಾವಿಗಳು ಅಂತರ್ಜಲ ಎಳೆದದ್ದು ಮತ್ತು ನೀಲಗಿರಿ ತೋಪುಗಳು ಹೆಚ್ಚಿದ್ದು ಮುಖ್ಯ ಕಾರಣ ಎಂದು ಅವರು ಕಂಡುಕೊಂಡರು. ಲೇಔಟು ಬರುವ ಮೊದಲೇ ಆ ನೆಲ ಒಣಗುತ್ತಿತ್ತು. ರಾಗಿ ಹೊಲ ನೀಲಗಿರಿಯಾದದ್ದು ಮಾತ್ರ ಊರಿನ ಸೆಳೆತದಿಂದ ಪೂರಾ ಬೇರೆಯಲ್ಲ. ಕೂಲಿಯಾಳುಗಳು ಪೇಟೆಗೆ ಹೋದ ಮೇಲೆ, ಪಕ್ಕದ ಹೊಲಕ್ಕೆ ಸೈಟಿನ ಬೆಲೆ ಬಂದ ಮೇಲೆ, ನೋಡಿಕೊಳ್ಳುವ ಕೆಲಸವೇ ಇಲ್ಲದ ಮರ ನೆಟ್ಟು ಕಾಯುವುದು ಸುಲಭ.

ಬದು ಹೋದರೆ ನೀರು ಎಲ್ಲಿಗೆ

ಬೆಂಗಳೂರು ದಿಣ್ಣೆಯ ಮೇಲಿನ ಊರು. ನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ ಇಳಿಯುತ್ತದೆ. ಹೊಲಗಳಿದ್ದಾಗ ಪ್ರತಿ ಬದುವೂ ಒಂದಿಷ್ಟು ನೀರನ್ನು ತಡೆದು ನಿಲ್ಲಿಸುತ್ತಿತ್ತು. ಲೇಔಟು ಮಾಡುವವರು ಮೊದಲು ಮಾಡುವ ಕೆಲಸ ಬದು ಕಿತ್ತು ನೆಲ ಸಮ ಮಾಡುವುದು. ಆಮೇಲೆ ಡಾಂಬರು, ಕಾಂಕ್ರೀಟ್ ಚರಂಡಿ. ಹತ್ತು ಗಂಟೆಯಲ್ಲಿ ನಿಧಾನವಾಗಿ ಇಳಿಯುತ್ತಿದ್ದ ನೀರು ಒಂದು ಗಂಟೆಯಲ್ಲಿ ತಗ್ಗಿಗೆ ನುಗ್ಗುತ್ತದೆ. ಮನೆ ಒಂದೂ ಏಳದಿದ್ದರೂ ಹೀಗೇ. ಖಾಲಿ ಸೈಟುಗಳಲ್ಲಿ ಮಣ್ಣಿದೆ, ನೀರು ಇಂಗುತ್ತದೆ ಎನ್ನುವುದು ಅರ್ಧ ಸತ್ಯ ಮಾತ್ರ. ಆ ಸೈಟುಗಳಿಗೆ ಎಲ್ಲೆಲ್ಲಿಂದಲೋ ಕಟ್ಟಡದ ಅವಶೇಷ ತಂದು ಸುರಿಯುತ್ತಾರೆ.

2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಕಡೆ ವಿಲ್ಲಾಗಳ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಗೆ ತರಬೇಕಾಯಿತು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿತು. ಒಂದು ಕಡೆ ದುಬಾರಿ ವಿಲ್ಲಾ, ಇನ್ನೊಂದು ಕಡೆ ಸಾಮಾನ್ಯರ ಸೈಟು. ಎರಡೂ ನೀರಿನ ದಾರಿಯ ತಗ್ಗಿನಲ್ಲಿವೆ.

ಕಾನೂನು ಮಾತ್ರ ಸಡಿಲವಾಗುತ್ತಲೇ ಬಂದಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಬಫರ್, ಅಂದರೆ ಏನೂ ಕಟ್ಟದೆ ಬಿಡುವ ಜಾಗ, ಇರಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಹಳೆಯ ಮಾಸ್ಟರ್ ಪ್ಲಾನಿನ 30 ಮೀಟರಿಗೇ ಮರಳಿಸಿತು. ಕೆರೆಯ ಗಾತ್ರ ನೋಡಿ ಬಫರನ್ನು ಇನ್ನೂ ಇಳಿಸುವ ತಿದ್ದುಪಡಿಯನ್ನು 2025ರಲ್ಲಿ ವಿಧಾನಮಂಡಲ ಅಂಗೀಕರಿಸಿತು. ಸಣ್ಣ ಕೆರೆ ಎಂದರೆ ಸಣ್ಣ ಮಾತು ಎಂದು ಇಲ್ಲಿ ತಿಳಿದಂತಿದೆ. ಸರಪಳಿಯ ಮೇಲ್ತುದಿಯಲ್ಲಿರುವ ಸಣ್ಣ ಕೆರೆ, ಕುಂಟೆಗಳೇ ಕೆಳಗಿನ ದೊಡ್ಡ ಕೆರೆಗೆ ನೀರು ಹೊಂದಿಸುವುದು. ಅವು ಹೋದರೆ ಕೆಳಗೆ ಪ್ರವಾಹವೂ ಹೆಚ್ಚು, ಬರವೂ ಹೆಚ್ಚು.

ಯಾರು ಏನು ಹೇಳುತ್ತಾರೆ

ಸೈಟುದಾರರ ಮಾತಿನಲ್ಲಿ ನ್ಯಾಯವಿದೆ. ಮಂಜೂರಾದ ಬಡಾವಣೆಯಲ್ಲಿ ಸೈಟು ಕೊಳ್ಳುವ ಶಕ್ತಿ ಇಲ್ಲದವರು ಇಲ್ಲಿಗೆ ಬಂದರು. ನೋಂದಣಿ ಮಾಡಿಕೊಟ್ಟದ್ದು ಸರ್ಕಾರವೇ, ವರ್ಷ ವರ್ಷ ತೆರಿಗೆ ತೆಗೆದುಕೊಂಡದ್ದೂ ಸರ್ಕಾರವೇ. ಈಗ ಅಕ್ರಮ ಎಂದರೆ ಹೇಗೆ? ಸರ್ಕಾರ ಹೇಳುವುದು, ಎ ಖಾತಾ ಬಂದರೆ ಜನಕ್ಕೆ ಬ್ಯಾಂಕ್ ಸಾಲ ಸಿಗುತ್ತದೆ, ನಕ್ಷೆ ಪ್ರಕಾರ ಮನೆ ಕಟ್ಟುತ್ತಾರೆ, ಪಾಲಿಕೆಗೂ ಹಣ ಬರುತ್ತದೆ. ವಿರೋಧಿಸುವವರು ಕೇಳುವುದು, ಪಾರ್ಕು ಬಿಟ್ಟು ನಿಯಮ ಪಾಲಿಸಿದವರಿಗೆ ಏನು ಸಿಕ್ಕಿತು? ಇವತ್ತು ಬಿ ಖಾತಾಗೆ ಮಾಫಿ ಎಂದರೆ ನಾಳೆ ಆನೇಕಲ್ಲಿನಲ್ಲೋ ಹೊಸಕೋಟೆಯಲ್ಲೋ ಇನ್ನೊಬ್ಬ ಸುಣ್ಣದ ಗೆರೆ ಎಳೆಯುವುದಿಲ್ಲವೇ?

ರೈತರಲ್ಲೂ ಒಂದೇ ಅಭಿಪ್ರಾಯವಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಸ್ವಾಧೀನದ ವಿರುದ್ಧ ರೈತರು ವರ್ಷಗಟ್ಟಲೆ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಬಿಡದಿಯಲ್ಲೂ ಭೈರಮಂಗಲದ ಸುತ್ತ ವಿರೋಧ ಜೋರಾಗಿದೆ. ಹಾಗೆಂದು ಎಲ್ಲರೂ ಉಳುಮೆಯಲ್ಲೇ ಇರಲು ಬಯಸುತ್ತಾರೆ ಎನ್ನುವಂತಿಲ್ಲ. ಒಳ್ಳೆ ಬೆಲೆ ಬಂದರೆ ತಾವೇ ಮಾರುವ ಹಕ್ಕು ಬೇಕು ಎನ್ನುವವರೂ ಬಹಳ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಕನಕಪುರ, ದೊಡ್ಡಬಳ್ಳಾಪುರದ ಕಡೆ ಕಾಲು ಎಕರೆಯ ಫಾರ್ಮ್ ಪ್ಲಾಟುಗಳು ಮಾರಾಟವಾಗುತ್ತಿವೆ. ಹೆಸರು ತೋಟ, ಬಳಕೆ ವಾರಾಂತ್ಯದ ಮನೆ. ಜನವಸತಿಯ ಲೆಕ್ಕದಲ್ಲಿ ಇದು ವಿಲ್ಲಾಗಿಂತಲೂ ತೆಳು.

ಇತ್ತ ಹಳೇ ಬಡಾವಣೆಗಳ ನಿವಾಸಿ ಸಂಘಗಳು ಪ್ರೀಮಿಯಂ ಎಫ್‌ಎಆರ್ ಬೇಡ ಎನ್ನುತ್ತವೆ. ಮಹಡಿ ಏರಿದರೆ ನೀರು ಎಲ್ಲಿ, ಪಾರ್ಕಿಂಗ್ ಎಲ್ಲಿ, ಮೋರಿ ತಡೆಯುತ್ತದಾ ಎಂಬ ಅವರ ಪ್ರಶ್ನೆ ಸಹಜ. ಆದರೆ ಒಳಗೆ ಬೇಡವಾದ ಪ್ರತಿ ಮನೆ ಹೊರಗೆ ಎಲ್ಲಾದರೂ ಏಳಲೇಬೇಕು, ಅಲ್ವಾ?

ಮುಂದೆ ಆಗಬಹುದಾದದ್ದು

ಎ ಖಾತಾ ಸಿಕ್ಕ ಕೂಡಲೇ ಸೈಟಿನ ಬೆಲೆ ಏರುತ್ತದೆ. ಕೆಲವರು ಸಾಲ ಪಡೆದು ಮನೆ ಕಟ್ಟುತ್ತಾರೆ, ಅದು ಒಳ್ಳೆಯದೇ. ಖಾಲಿ ಇಟ್ಟವರಿಗೆ ಇನ್ನಷ್ಟು ದಿನ ಖಾಲಿ ಇಡಲು ಹುರುಪು ಬರುತ್ತದೆ. ಇವೆರಡರಲ್ಲಿ ಯಾವುದು ಜಾಸ್ತಿಯಾಗುತ್ತದೆ ಎನ್ನುವುದು ತೆರಿಗೆಯ ಮೇಲೆ ನಿಂತಿದೆ. ರಸ್ತೆ, ನೀರು, ಯುಜಿಡಿ ಬಂದ ಮೇಲೂ ಖಾಲಿ ಇಟ್ಟ ಸೈಟಿಗೆ ತೆರಿಗೆ ವರ್ಷ ವರ್ಷ ಏರಿದರೆ ಲೆಕ್ಕ ಬದಲಾಗುತ್ತದೆ. ಸೌಲಭ್ಯ ಬಾರದ ಕಡೆ ಹೀಗೆ ಮಾಡಿದರೆ ಅನ್ಯಾಯ. ಕೆಂಪೇಗೌಡ ಬಡಾವಣೆಯಲ್ಲಿ ಸೈಟು ಪಡೆದವರನ್ನು ಮನೆ ಕಟ್ಟಲಿಲ್ಲ ಎಂದು ದೂರುವ ಮೊದಲು ಪೈಪು ಕೊಡಬೇಕು.

ಖಾತಾ ಶುಲ್ಕದ ಹಣ ಎಲ್ಲಿಗೆ ಹೋಗುತ್ತದೆ ಎನ್ನುವುದೂ ಅಷ್ಟೇ ಮುಖ್ಯ. ಅದು ಪಾಲಿಕೆಯ ಸಾಮಾನ್ಯ ಖಜಾನೆಗೆ ಬಿದ್ದು ಸುರಂಗ ರಸ್ತೆಗೋ ಮೇಲ್ಸೇತುವೆಗೋ ಕರಗಿದರೆ ಲೇಔಟಿನಲ್ಲಿ ಬದಲಾಗುವುದು ಖಾತಾದ ಅಕ್ಷರ ಮಾತ್ರ. ಆಯಾ ಲೇಔಟಿನ ಚರಂಡಿ, ಇಂಗುಗುಂಡಿ, ಮಳೆನೀರು ಹರಿಯುವ ರಾಜಕಾಲುವೆಗೇ ಖರ್ಚಾಗಬೇಕೆಂದು ಈಗಲೇ ಆದೇಶದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ರಾಜಕಾಲುವೆಯ ಮೇಲೇ ಇರುವ ಸೈಟುಗಳಿಗೆ ಎ ಖಾತಾ ಕೊಟ್ಟುಬಿಟ್ಟರೆ ಆ ತಪ್ಪನ್ನು ಆಮೇಲೆ ತಿದ್ದಲಾಗದು. ಸರ್ವೆ ನಕ್ಷೆಯನ್ನು ಖಾತಾ ಅರ್ಜಿಯ ಜೊತೆ ತಾಳೆ ನೋಡುವುದು ಡ್ರೋನು ಹಾರಿಸುವಷ್ಟು ದೊಡ್ಡ ಕೆಲಸವೂ ಅಲ್ಲ.

ಕೊನೆಯದಾಗಿ ಮಾಸ್ಟರ್ ಪ್ಲಾನ್. ಬೆಂಗಳೂರು ಇವತ್ತಿಗೂ ಬೆಳೆಯುತ್ತಿರುವುದು 2007ರಲ್ಲಿ ಒಪ್ಪಿಗೆಯಾದ, 2015ರವರೆಗಿನ ನಕ್ಷೆಯ ಮೇಲೆ. 2031ರ ಕರಡು 2017ರಲ್ಲಿ ಬಂದು 2020ರಲ್ಲಿ ವಾಪಸಾಯಿತು. ಯೋಜನೆ ರೂಪಿಸುವ ಅಧಿಕಾರ ಈಗ ಬಿಡಿಎಯಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಬಂದಿದೆ. ಹೊಸ ನಕ್ಷೆ ಬಿಡದಿಯ ಹೊಲಗಳಿಗೆ ಬಣ್ಣ ಹಚ್ಚುವ ಮೊದಲು ಒಂದು ಲೆಕ್ಕ ಕೊಡಬೇಕು. ಮಂಜೂರಾಗಿ ಖಾಲಿ ಬಿದ್ದಿರುವ ಸೈಟುಗಳು ಎಷ್ಟು, ಅವುಗಳಲ್ಲಿ ಎಷ್ಟು ಜನ ಬದುಕಬಹುದು. ಆ ಸಂಖ್ಯೆ ಸಿಗುವವರೆಗೆ ಇನ್ನೊಂದು ಎಕರೆ ಹೊಲವೂ ಬೇಕು ಎಂದು ಹೇಳಲು ಯಾರ ಬಳಿಯೂ ಆಧಾರವಿಲ್ಲ.